ಸಿನಿಮಾಗೆ, ಸೀರೀಸ್‌ಗೆ ಹಾಡು ಕೊಡೋ ಮುಂಚೆ ನಿಮ್ಮ ಕ್ಯಾಟಲಾಗ್ ರೆಡಿ ಮಾಡ್ಕೊಳೋದು ಹೇಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲಾ ಕಡೆ ಈಗ ಮನೆ ರೂಮಲ್ಲೇ ಸ್ಟುಡಿಯೋ ಹಾಕ್ಕೊಂಡು ಹಾಡು ಮಾಡ್ತಿರೋರು ಸಿಕ್ಕಾಪಟ್ಟೆ ಜನ ಇದಾರೆ, ಹತ್ತೋ ಹದಿನೈದೋ ಹಾಡು ಸ್ಪಾಟಿಫೈ ಯೂಟ್ಯೂಬಲ್ಲಿ ಬಿಟ್ಟಿರ್ತಾರೆ, ಆದ್ರೆ ಸ್ಟ್ರೀಮಿಂಗಿಂದ ಬರೋ ದುಡ್ಡು ಗಿಟಾರ್ ತಂತಿ ಬದಲಾಯಿಸೋಕೂ ಸಾಲಲ್ಲ. ಆಗ ಯಾರೋ ಒಬ್ರು ಹೇಳ್ತಾರೆ, ಸಿಂಕ್‌ಗೆ ಕೊಡು ಮಾರಾಯ ಅಂತ. ಸಿಂಕ್ ಅಂದ್ರೆ ಆಗ್ಲೇ ರೆಡಿ ಇರೋ ಹಾಡನ್ನ ಸಿನಿಮಾ, ವೆಬ್ ಸೀರೀಸ್, ಸೀರಿಯಲ್, ಜಾಹೀರಾತು ಇಂಥದ್ರಲ್ಲಿ ದೃಶ್ಯದ ಜೊತೆ ಸೇರಿಸೋಕೆ ಪರ್ಮಿಷನ್ ಕೊಟ್ಟು ಫೀಸ್ ತಗೊಳೋದು.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಈ ಲೈನಲ್ಲಿ ಒಳ್ಳೇ ಹಾಡು ಇರೋರು ಬೇಕಾದಷ್ಟು ಜನ, ಕಾಗದ ಸರಿಯಾಗಿ ಇರೋರು ಕಮ್ಮಿ. ಎಡಿಟ್ ಟೇಬಲ್ ಮೇಲೆ ಯಾವ್ದೋ ರೆಫರೆನ್ಸ್ ಟ್ರ್ಯಾಕ್ ಹಾಕ್ಕೊಂಡು ಸೀನ್ ಕಟ್ ಮಾಡಿರ್ತಾರೆ, ಅದಕ್ಕೆ ಪರ್ಮಿಷನ್ ಸಿಗಲ್ಲ ಅಥವಾ ಬಜೆಟ್ ಆಗಲ್ಲ, ಮಿಕ್ಸಿಂಗ್ ಡೇಟ್ ತಲೆ ಮೇಲೆ ಬಂದಿರತ್ತೆ, ಆಗ ಹೊರಗಡೆ ಹಾಡು ಹುಡುಕ್ತಾರೆ. ಮುಂಬೈಯಲ್ಲಿ, ಫಾರಿನ್ನಲ್ಲಿ ಹಾಡು ಆರಿಸೋಕೆ ಮ್ಯೂಸಿಕ್ ಸೂಪರ್‌ವೈಸರ್ ಅಂತಾನೇ ಒಬ್ರು ಇರ್ತಾರೆ, ನಮ್ಮಲ್ಲಿ ಬಹಳ ಸಲ ಡೈರೆಕ್ಟರೋ ಎಡಿಟರೋ ಸೀದಾ ವಾಟ್ಸಾಪಲ್ಲಿ ಕೇಳ್ತಾರೆ. ಯಾರೇ ಕೇಳಿದ್ರೂ ಹಾಡು ಇಷ್ಟ ಆದ್ಮೇಲೆ ಬರೋ ಮೊದಲನೇ ಪ್ರಶ್ನೆ ಒಂದೇ: ರೈಟ್ಸ್ ಪೂರ್ತಿ ನಿಮ್ದೇನಾ? ಅದಕ್ಕೆ ಅದೇ ದಿನ ಹೌದು ಅಂತ ಉತ್ತರ ಕೊಟ್ಟು ಕಾಗದ ಕಳ್ಸೋಕೆ ಆಗ್ಬೇಕು. ಗೀತರಚನೆಕಾರರನ್ನ ಕೇಳಿ ಹೇಳ್ತೀನಿ ಸರ್ ಅಂದ್ರೆ ಅವ್ರು ಮುಂದಿನ ಹಾಡಿಗೆ ಹೋಗಿರ್ತಾರೆ. 2024ರಲ್ಲಿ ಒಂದು ಕನ್ನಡ ಸಿನಿಮಾದಲ್ಲಿ ಎರಡು ಹಳೇ ಚಿತ್ರಗೀತೆ ಬಳಸಿದ ವಿಚಾರ ಪೊಲೀಸ್ ಸ್ಟೇಷನ್ನಿಂದ ದೆಹಲಿ ಹೈಕೋರ್ಟ್‌ವರೆಗೂ ಹೋಯ್ತು, 20 ಲಕ್ಷ ಠೇವಣಿ ಇಡಿ ಅಂತ ಆದೇಶನೂ ಆಯ್ತು. ಇಂಥದ್ದೆಲ್ಲ ನೋಡಿರೋ ಪ್ರೊಡ್ಯೂಸರ್‌ಗಳು ಕಾಗದ ಇಲ್ದೇ ಹಾಡು ಮುಟ್ಟೋಕೆ ಹೆದರ್ತಾರೆ, ಹೆದರ್ಬೇಕು ಕೂಡ.

ಅದಕ್ಕೇ ನಾನು ಹೇಳೋ ಆರ್ಡರ್ ಸ್ವಲ್ಪ ಉಲ್ಟಾ. ಎಲ್ರೂ ಮಾಸ್ಟರಿಂಗ್, ಫೈಲು, ವೆಬ್‌ಸೈಟ್‌ನಿಂದ ಶುರು ಮಾಡ್ತಾರೆ, ನೀವು ಕಾಗದದಿಂದ ಶುರು ಮಾಡಿ.

1. ಒಂದು ಶೀಟ್ ಓಪನ್ ಮಾಡಿ

ಗೂಗಲ್ ಶೀಟ್ ಸಾಕು. ಒಂದು ಹಾಡಿಗೆ ಒಂದು ಸಾಲು. ಪ್ರತಿ ಹಾಡಲ್ಲೂ ಎರಡು ಬೇರೆ ಬೇರೆ ಆಸ್ತಿ ಇದೆ ಅನ್ನೋದು ತಲೇಲಿ ಇರ್ಲಿ. ಒಂದು ಕೃತಿ, ಅಂದ್ರೆ ಸಾಹಿತ್ಯ ಮತ್ತು ರಾಗಸಂಯೋಜನೆ. ಇನ್ನೊಂದು ಮಾಸ್ಟರ್, ಅಂದ್ರೆ ಆ ರೆಕಾರ್ಡಿಂಗ್. ಸಿನಿಮಾದವ್ರಿಗೆ ಎರಡಕ್ಕೂ ಪರ್ಮಿಷನ್ ಬೇಕು. ಎರಡೂ ಒಬ್ರ ಕೈಯಲ್ಲೇ ಇದ್ರೆ ಅದನ್ನ ಒನ್ ಸ್ಟಾಪ್ ಅಂತಾರೆ, ಅಂಥ ಹಾಡಿಗೆ ಬೆಲೆ ಜಾಸ್ತಿ ಅಲ್ದಿದ್ರೂ ಅವಕಾಶ ಜಾಸ್ತಿ.

ಶೀಟಲ್ಲಿ ಸಾಹಿತ್ಯ ಯಾರ್ದು, ರಾಗ ಯಾರ್ದು, ಯಾರಿಗೆ ಎಷ್ಟು ಪರ್ಸೆಂಟ್, ಹಾಡಿದ್ದು ಯಾರು, ನುಡಿಸಿದ್ದು ಯಾರ್ಯಾರು, ಪ್ರೋಗ್ರಾಮಿಂಗ್ (ಕಂಪ್ಯೂಟರಲ್ಲಿ ವಾದ್ಯ, ಬೀಟ್ ಕಟ್ಟೋದು) ಯಾರು ಮಾಡಿದ್ದು, ಸ್ಟುಡಿಯೋಗೆ ದುಡ್ಡು ಕೊಟ್ಟಿದ್ದು ಯಾರು, ಅಗ್ರಿಮೆಂಟ್ ಇದ್ಯಾ ಇಲ್ವಾ, ಇಷ್ಟು ಬರೀರಿ. ಇಲ್ಲ ಅನ್ನೋ ಕಡೆ ಕೆಂಪು ಬಣ್ಣ ಹಾಕಿ. ಬಹಳಷ್ಟು ಜನಕ್ಕೆ ಮೊದಲ ಸಲ ಅರ್ಧ ಶೀಟ್ ಕೆಂಪಾಗೇ ಇರತ್ತೆ, ಗಾಬರಿ ಬೇಡ.

ಸಿನಿಮಾಗೆ ಅಂತ ಸಂಬಳ ತಗೊಂಡು ಮಾಡಿಕೊಟ್ಟ ಹಾಡುಗಳನ್ನ ಈ ಶೀಟಿಗೆ ಸೇರಿಸ್ಬೇಡಿ. ಅದರ ಹಕ್ಕು ಸಾಮಾನ್ಯವಾಗಿ ಪ್ರೊಡ್ಯೂಸರ್ ಮೂಲಕ ಆಡಿಯೋ ಕಂಪನಿಗೆ ಹೋಗಿರತ್ತೆ. ಹಾಗೇ ನಿಮ್ಮ ಅಪ್ಪಂದೋ ಗುರುಗಳದ್ದೋ ಹಳೇ ಭಾವಗೀತೆ ಕ್ಯಾಸೆಟ್ ಇದ್ರೂ ಅಷ್ಟೇ, ಹಾಡಿದ್ದು ನಮ್ಮನೇವ್ರೇ ಅನ್ನೋ ಒಂದೇ ಕಾರಣಕ್ಕೆ ಮಾಸ್ಟರ್ ನಿಮ್ದಾಗಲ್ಲ, ಅವತ್ತು ಆಡಿಯೋ ಕಂಪನಿ ಜೊತೆ ಏನು ಸೈನ್ ಹಾಕಿದ್ರು ಅನ್ನೋ ಕಾಗದ ಹುಡುಕಿ.

2. ಸೈನ್ ಹಾಕಿಸ್ಕೊಳ್ಳಿ, ಎಲ್ರ ಹತ್ರಾನೂ

ಸೈಟ್ ತಗೊಳೋವಾಗ ಖಾತೆ ಎಲ್ಲಿ, ಇಸಿ ಎಲ್ಲಿ ಅಂತ ಕೇಳ್ತೀವಲ್ಲ, ಹಾಡಿಗೂ ಹಂಗೇ. ಫ್ರೆಂಡ್ ಬರ್ದಿದ್ದು, ಅವ್ನೇನು ಕೇಳಲ್ಲ ಬಿಡಿ ಅನ್ನೋದು ನಡೆಯಲ್ಲ, ಯಾಕಂದ್ರೆ ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ ಇರ್ಬೇಕು, ಸೈನ್ ಇರ್ಬೇಕು, ಬಾಯಿಮಾತಿಗೆ ಬೆಲೆ ಇಲ್ಲ.

ಇಲ್ಲಿ ಒಂದು ಒಳಸುಳಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಕಾಯ್ದೆಯ 19ನೇ ಸೆಕ್ಷನ್ ಏನ್ ಹೇಳತ್ತೆ ಅಂದ್ರೆ, ಕಾಗದದಲ್ಲಿ ಅವಧಿ ಬರೀದೇ ಇದ್ರೆ ಅದು ಐದು ವರ್ಷ ಅಂತ ಲೆಕ್ಕ, ಜಾಗ ಬರೀದೇ ಇದ್ರೆ ಬರೀ ಭಾರತ ಅಂತ ಲೆಕ್ಕ, ಇನ್ನು ಒಂದು ವರ್ಷದೊಳಗೆ ಆ ಹಕ್ಕನ್ನ ಬಳಸದೇ ಇದ್ರೆ, ಬೇರೆ ಥರ ಬರ್ಕೊಂಡಿಲ್ಲ ಅಂದ್ರೆ, ಅದು ಬಿದ್ದೇ ಹೋಗತ್ತೆ. ಅಂದ್ರೆ ಗೀತರಚನೆಕಾರರ ಹತ್ರ ಎರಡು ಲೈನ್ ಬರೆಸ್ಕೊಂಡು ಖುಷಿಯಾಗಿ ಇರ್ತೀರಿ, ಆರನೇ ವರ್ಷ ಒಂದು ಓಟಿಟಿ ಕಂಪನಿ ಪ್ರಪಂಚ ಪೂರ್ತಿಗೆ ಲೈಸೆನ್ಸ್ ಕೇಳತ್ತೆ, ನಿಮ್ಮ ಕೈಯಲ್ಲಿ ಏನೂ ಇರಲ್ಲ. ಅದಕ್ಕೆ ಕಾಪಿರೈಟ್‌ನ ಪೂರ್ತಿ ಅವಧಿಗೆ, ಪ್ರಪಂಚದಾದ್ಯಂತ, ಒಂದು ವರ್ಷದಲ್ಲಿ ಬಳಸದಿದ್ದರೂ ಹಕ್ಕು ಉಳಿಯತ್ತೆ ಅಂತ ಮೂರನ್ನೂ ಸ್ಪಷ್ಟವಾಗಿ ಬರೆಸಿ. ಎಷ್ಟು ದುಡ್ಡು, ಮುಂದೆ ಬರೋ ಫೀಸಲ್ಲಿ ಎಷ್ಟು ಪಾಲು ಅನ್ನೋದೂ ಅದೇ ಕಾಗದದಲ್ಲಿ ಬರ್ಲಿ.

ಗೀತರಚನೆಕಾರರು ಹಕ್ಕು ಪೂರ್ತಿ ಬಿಟ್ಕೊಡಲ್ಲ ಅಂದ್ರೂ ಪರವಾಗಿಲ್ಲ, ಅದು ಅವ್ರ ನ್ಯಾಯವಾದ ಮಾತು. ಆಗ ಸಿಂಕ್ ಡೀಲ್‌ಗಳಿಗೆ ಇಬ್ರ ಪರವಾಗೂ ನಾನೊಬ್ನೇ ಸೈನ್ ಹಾಕಬಹುದು, ಬಂದ ದುಡ್ಡಲ್ಲಿ ಇಂತಿಷ್ಟು ಅವ್ರಿಗೆ ಅಂತ ಒಂದು ಅಧಿಕಾರ ಪತ್ರ ಮಾಡ್ಕೊಳ್ಳಿ. ಕೆಲಸಕ್ಕೆ ಅಷ್ಟು ಸಾಕು. ಅವ್ರು ಬೇಡ ಅನ್ನೋ ಥರದ ಜಾಹೀರಾತು ಇದ್ರೆ, ಉದಾಹರಣೆಗೆ ಗುಟ್ಕಾ, ರಾಜಕೀಯ ಪಕ್ಷ, ಅದನ್ನೂ ಮೊದ್ಲೇ ಕೇಳಿ ಬರ್ದಿಟ್ಕೊಳ್ಳಿ.

ಹಾಡಿದವ್ರು, ನುಡಿಸಿದವ್ರಿಗೂ ಕಾನೂನಲ್ಲಿ ಪರ್ಫಾರ್ಮರ್ ಹಕ್ಕು ಅಂತ ಇದೆ. ಕೊಳಲು ನುಡಿಸೋಕೆ ಅರ್ಧ ಗಂಟೆ ಬಂದು ಹೋದವ್ರು, ಕೋರಸ್‌ಗೆ ನಿಂತ ಕಾಲೇಜ್ ಹುಡುಗ್ರು, ಎಲ್ರ ಹತ್ರಾನೂ ಅರ್ಧ ಪುಟದ ಒಪ್ಪಿಗೆ ಪತ್ರ: ದುಡ್ಡು ಸಂದಿದೆ, ಈ ರೆಕಾರ್ಡಿಂಗನ್ನ ಸಿನಿಮಾ ಟೀವಿ ಓಟಿಟಿ ಜಾಹೀರಾತು ಎಲ್ಲದ್ರಲ್ಲೂ ಬಳಸೋಕೆ ಒಪ್ಪಿದೀನಿ ಅಂತ. ರೆಕಾರ್ಡಿಂಗ್ ಮುಗಿದ ತಕ್ಷಣ ಸ್ಟುಡಿಯೋದಲ್ಲೇ, ಪೇಮೆಂಟ್ ಮಾಡೋವಾಗ್ಲೇ ಸೈನ್ ಮಾಡಿಸೋದು ಬೆಸ್ಟು, ಮೂರು ವರ್ಷ ಆದ್ಮೇಲೆ ಫೋನ್ ಮಾಡಿದ್ರೆ ಅವ್ರು ದುಬೈಯಲ್ಲಿ ಇರ್ತಾರೆ ಅಥವಾ ಆಗ್ಲೇ ಸ್ಟಾರ್ ಆಗಿರ್ತಾರೆ. ಪ್ರೋಗ್ರಾಮಿಂಗ್ ಮಾಡಿದ ಅರೇಂಜರ್‌ನ ಮಾತ್ರ ಮರೀಬೇಡಿ, ಜಗಳ ಜಾಸ್ತಿ ಆಗೋದು ಅಲ್ಲೇ, ಯಾಕಂದ್ರೆ ಹಾಡಿನ ಆ ಹುಕ್, ಅಂದ್ರೆ ಕೇಳೋರನ್ನ ಸೆಳೆಯೋ ತುಣುಕು, ನಂದು ಅಂತ ಅವ್ರಿಗೂ ಅನಿಸಿರತ್ತೆ, ಎಷ್ಟೋ ಸಲ ನಿಜಾನೂ ಇರತ್ತೆ.

ಕಾಪಿರೈಟ್ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಹಾಡು ಮಾಡಿದ ಕ್ಷಣದಿಂದ್ಲೇ ಹಕ್ಕು ಹುಟ್ಟತ್ತೆ. ಆದ್ರೂ ಮುಖ್ಯವಾದ ನಾಕೈದು ಹಾಡಿಗೆ ಮಾಡಿಸಿಟ್ರೆ ನಾಳೆ ತಕರಾರು ಬಂದಾಗ ಒಂದು ಸಾಕ್ಷಿ ಇರತ್ತೆ.

3. ವಚನ, ದಾಸರ ಪದ, ಕವಿಗಳ ಪದ್ಯ ಹಾಡಿದ್ರೆ

ಇದು ಕನ್ನಡದ ಸ್ಪೆಷಲ್ ತಲೆನೋವು, ಸ್ವಲ್ಪ ನಿಧಾನಕ್ಕೆ ಓದಿ. ನಮ್ಮಲ್ಲಿ ಇಂಡಿಪೆಂಡೆಂಟ್ ಹಾಡುಗಳಲ್ಲಿ ಒಂದು ದೊಡ್ಡ ಪಾಲು ಹಳೇ ಸಾಹಿತ್ಯಕ್ಕೆ ಹೊಸ ಮ್ಯೂಸಿಕ್. ಕಾನೂನು ಸಿಂಪಲ್, ಬರೆದವರು ತೀರಿಕೊಂಡ ವರ್ಷ ಮುಗಿದು ಮುಂದಿನ ಜನವರಿಯಿಂದ 60 ವರ್ಷ ಲೆಕ್ಕ. 12ನೇ ಶತಮಾನದ ವಚನಗಳು, ಪುರಂದರದಾಸರು, ಕನಕದಾಸರು, 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರು, ಇವ್ರ ಸಾಹಿತ್ಯ ಯಾರು ಬೇಕಾದ್ರೂ ಬಳಸಬಹುದು. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡ್ರು, ಅವ್ರದ್ದೂ ಮುಗಿದಿದೆ. ಗೋವಿಂದ ಪೈಗಳು 1963ರಲ್ಲಿ ಹೋದ್ರು, ಹಾಗಾಗಿ 2024ರ ಜನವರಿಯಿಂದ ಅವ್ರ ಪದ್ಯಗಳೂ ಮುಕ್ತ.

ಆದ್ರೆ ಡಿ.ವಿ.ಜಿ. 1975, ಅಂದ್ರೆ 2035ರ ಕೊನೆವರೆಗೂ ಹಕ್ಕು ಜೀವಂತ. ಜಿ.ಪಿ. ರಾಜರತ್ನಂ 1979, ಬೇಂದ್ರೆ 1981, ಕುವೆಂಪು 1994, ಕೆ.ಎಸ್.ನ. 2003, ಲೆಕ್ಕ ನೀವೇ ಹಾಕ್ಕೊಳ್ಳಿ, ಬೇಂದ್ರೆ ಪದ್ಯಕ್ಕೆ 2041 ಮುಗಿಯೋವರೆಗೂ ಕಾಯ್ಬೇಕು, ಕುವೆಂಪು ಅವ್ರದ್ದಕ್ಕೆ 2054. ಇವ್ರ ಪದ್ಯ ಇರೋ ಹಾಡನ್ನ ಸಿಂಕ್ ಕ್ಯಾಟಲಾಗಿಗೆ ಹಾಕ್ಬೇಕಂದ್ರೆ ಹಕ್ಕುದಾರರ ಲಿಖಿತ ಪರ್ಮಿಷನ್ ಬೇಕು, ಅದರಲ್ಲಿ ಸಿನಿಮಾ, ಓಟಿಟಿ, ಜಾಹೀರಾತು ಅಂತ ಹೆಸರು ಹಿಡಿದು ಬರೆದಿರ್ಬೇಕು. ಕಾರ್ಯಕ್ರಮದಲ್ಲಿ ಹಾಡೋಕೆ ಸಂತೋಷವಾಗಿ ಒಪ್ಕೊಂಡಿದ್ರು ಅನ್ನೋದು ಬೇರೆ, ಸಿಮೆಂಟ್ ಕಂಪನಿ ಜಾಹೀರಾತಿಗೆ ಕೊಡೋದು ಬೇರೆ.

ಇನ್ನೊಂದು ಗುಂಡಿ ಇರೋದು ರಾಗದಲ್ಲಿ. ಷರೀಫರ ಸಾಹಿತ್ಯ ಫ್ರೀ, ಸರಿ. ಆದ್ರೆ ನಮಗೆಲ್ಲ ಬಾಯಿಪಾಠ ಇರೋ ಧಾಟಿ ಬಹಳಷ್ಟು ಸಲ ಸಿ. ಅಶ್ವಥ್ ಅವ್ರು ಸಂಯೋಜನೆ ಮಾಡಿದ್ದು, ಅವ್ರು ತೀರಿಕೊಂಡಿದ್ದು 2009ರಲ್ಲಿ, ಆ ಸಂಯೋಜನೆಗೆ ಹಕ್ಕು ಇದೆ. ನೀವು ಅದೇ ಧಾಟೀಲಿ ಗಿಟಾರ್ ಹಾಕಿ ಹಾಡಿ ಜಾನಪದ ಅಂತ ಟ್ಯಾಗ್ ಮಾಡಿದ್ರೆ ಅದು ಸುಳ್ಳು ಘೋಷಣೆ. ಸಾಂಪ್ರದಾಯಿಕ ಧಾಟಿ ಅಂತ ಗ್ಯಾರಂಟಿ ಇದ್ರೆ ಮಾತ್ರ ಹಾಗೆ ಬರೀರಿ, ಇಲ್ಲಾಂದ್ರೆ ಸಾಹಿತ್ಯ ಮಾತ್ರ ತಗೊಂಡು ರಾಗ ಹೊಸದಾಗಿ ನೀವೇ ಮಾಡಿ, ಆಗ ಅದು ಪಕ್ಕಾ ನಿಮ್ದು. ನಿಜವಾದ ಜಾನಪದ, ಅಂದ್ರೆ ಬೀಸೋಪದ, ಸೋಬಾನೆ ಥರದ್ದು ಆದ್ರೆ ಕಾನೂನು ಅಡ್ಡ ಬರಲ್ಲ, ಆದ್ರೆ ನಿಮಗೆ ಹಾಡಿಕೊಟ್ಟ ಅಜ್ಜಿಗೆ ಹೆಸರೂ ದುಡ್ಡೂ ಕೊಡೋದು ಮರ್ಯಾದೆ, ಅವ್ರ ದನಿ ರೆಕಾರ್ಡ್ ಆಗಿದ್ರೆ ಒಪ್ಪಿಗೆ ಪತ್ರ ಬೇಕೇ ಬೇಕು.

ಹಳೇ ಸಿನಿಮಾ ಹಾಡಿನ ಕವರ್ ಸಾಂಗ್‌ಗಳು ಈ ಕ್ಯಾಟಲಾಗಲ್ಲಿ ಬೇಡ್ವೇ ಬೇಡ. ಯೂಟ್ಯೂಬಲ್ಲಿ ಎಷ್ಟೇ ಓಡಿದ್ರೂ ಕೃತಿ ನಿಮ್ದಲ್ಲ, ಇನ್ನೊಬ್ರಿಗೆ ಸಿಂಕ್ ಕೊಡೋ ಅಧಿಕಾರ ನಿಮಗಿಲ್ಲ.

4. ಬೀಟ್, ಲೂಪ್, ಎಐ

ಒಂದೊಂದು ಹಾಡಿನ ಪ್ರಾಜೆಕ್ಟ್ ಓಪನ್ ಮಾಡಿ ಒಳಗಡೆ ಏನೇನಿದೆ ನೋಡಿ. ಸ್ಪ್ಲೈಸ್ ಥರದ ವೆಬ್‌ಸೈಟಿಂದ ದುಡ್ಡು ಕೊಟ್ಟು ತಗೊಂಡ ಲೂಪ್ (ರೆಡಿ ಇರೋ ಸಂಗೀತದ ತುಣುಕು) ಆದ್ರೆ ಹಾಡಿನೊಳಗೆ ಬಳಸೋಕೆ ತೊಂದ್ರೆ ಇಲ್ಲ, ಲೈಸೆನ್ಸ್ ರಸೀದಿ ಫೋಲ್ಡರಲ್ಲಿ ಇಟ್ಕೊಳ್ಳಿ. ಯೂಟ್ಯೂಬಿಂದ ಕಿತ್ಕೊಂಡ ಹಳೇ ಡೈಲಾಗ್, ಯಾವ್ದೋ ಹಾಡಿನ ಎರಡು ಸೆಕೆಂಡ್ ಸ್ಯಾಂಪಲ್ ಇದ್ರೆ ತೆಗೀರಿ ಇಲ್ಲಾ ಮತ್ತೆ ನುಡಿಸಿ. ಟೈಪ್ ಬೀಟ್, ಅಂದ್ರೆ ಆನ್‌ಲೈನಲ್ಲಿ ಸಿಗೋ ರೆಡಿಮೇಡ್ ಬೀಟ್, ಲೀಸ್ ತಗೊಂಡು ರ್‍ಯಾಪ್ ಮಾಡಿರೋರು ಆ ಲೀಸ್ ಅಗ್ರಿಮೆಂಟ್ ಒಂದ್ಸಲ ಪೂರ್ತಿ ಓದಿ, ಕಡಿಮೆ ದುಡ್ಡಿನ ಲೀಸ್‌ಗಳಲ್ಲಿ ಬಹಳ ಸಲ ಸಿನಿಮಾ ಟೀವಿ ಬಳಕೆ ಸೇರಿರಲ್ಲ, ಜೊತೆಗೆ ಅದೇ ಬೀಟ್ ಮೇಲೆ ಇನ್ನೂ ನೂರು ಜನ ಹಾಡಿರಬಹುದು.

ಎಐಯಿಂದ ಜನರೇಟ್ ಮಾಡಿದ ಸಂಗೀತ, ದನಿ ಇದ್ರೆ ಮುಚ್ಚಿಡ್ಬೇಡಿ. ಇದು ಮನುಷ್ಯರೇ ಮಾಡಿದ್ದು ಅಂತ ವಾರಂಟಿ ಕೇಳೋ ಕಂಪನಿಗಳು ಈಗ ಇದಾವೆ, ಸೈನ್ ಹಾಕಿದ್ಮೇಲೆ ಸಿಕ್ಕಿಬಿದ್ರೆ ನಷ್ಟ ಪೂರ್ತಿ ನಿಮ್ಮ ತಲೆ ಮೇಲೆ.

5. ರಿಜಿಸ್ಟ್ರೇಷನ್ನು, ಕಂಟೆಂಟ್ ಐಡಿ

ಗೀತರಚನೆಕಾರರು, ಸಂಯೋಜಕರು ಐಪಿಆರ್‌ಎಸ್, ಅಂದ್ರೆ ಅವ್ರಿಗೆ ರಾಯಲ್ಟಿ ವಸೂಲಿ ಮಾಡಿಕೊಡೋ ಸಂಘದ, ಮೆಂಬರ್ ಆಗಿ ಪ್ರತಿ ಹಾಡನ್ನೂ ಪರ್ಸೆಂಟೇಜ್ ಸಮೇತ ರಿಜಿಸ್ಟರ್ ಮಾಡ್ಬೇಕು. ಗಾಯಕರು ಇಸಾಮ್ರಾ, ಅಂದ್ರೆ ಗಾಯಕರು ಮತ್ತು ವಾದಕರ ಹಕ್ಕಿನ ಸಂಘ, ನೋಡ್ಲಿ. ಸಿಂಕ್ ಫೀಸನ್ನ ಐಪಿಆರ್‌ಎಸ್ ಮಾತಾಡಿ ಕೊಡಿಸತ್ತೆ ಅಂತ ಅಂದ್ಕೋಬೇಡಿ, ಆ ಡೀಲ್ ನೀವೋ ನಿಮ್ಮ ಏಜೆಂಟೋ ಮಾಡ್ಬೇಕು. ಐಪಿಆರ್‌ಎಸ್ ಕೆಲಸ ಶುರುವಾಗೋದು ಆಮೇಲೆ, ಸೀರೀಸ್ ಪ್ರಸಾರ ಆದಾಗ ಬರೋ ರಾಯಲ್ಟಿಗೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ್ಮೇಲೆ ಗೀತರಚನೆಕಾರರು ಮತ್ತು ಸಂಯೋಜಕರು ಆ ರಾಯಲ್ಟಿ ಪಾಲನ್ನ ಬಿಟ್ಕೊಟ್ಟೆ ಅಂತ ಬರ್ದು ಕೊಟ್ರೂ ಅದು ನಡೆಯಲ್ಲ, ಥಿಯೇಟರ್ ಪ್ರದರ್ಶನ ಒಂದು ಬಿಟ್ಟು.

ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅಂತ 12 ಅಕ್ಷರದ ಕೋಡ್ ಇರತ್ತೆ, ಹಾಡನ್ನ ಸ್ಪಾಟಿಫೈ ಥರದ ಕಡೆ ಹಾಕಿಕೊಡೋ ಡಿಸ್ಟ್ರಿಬ್ಯೂಟರ್ ಕೊಟ್ಟಿರ್ತಾರೆ, ಶೀಟಿಗೆ ಕಾಪಿ ಮಾಡಿ. ವಾದ್ಯ ಮಾತ್ರ ಇರೋ ವರ್ಷನ್‌ಗೆ ಬೇರೆ ಕೋಡ್ ಬೇಕು, ಅದೇ ಕೋಡ್ ಹಾಕಿದ್ರೆ ಲೆಕ್ಕ ಗೋಜಲಾಗತ್ತೆ.

ಡಿಸ್ಟ್ರಿಬ್ಯೂಟರ್ ಸೆಟ್ಟಿಂಗಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ, ಅಂದ್ರೆ ನಿಮ್ಮ ಹಾಡು ಯಾರ ವಿಡಿಯೋದಲ್ಲಿದ್ರೂ ತಾನೇ ಪತ್ತೆ ಹಚ್ಚೋ ವ್ಯವಸ್ಥೆ, ಆನ್ ಇದ್ಯಾ ನೋಡಿ. ಆನ್ ಇದ್ರೆ ನೀವು ಲೈಸೆನ್ಸ್ ಕೊಟ್ಟ ಸಿನಿಮಾದ ಟ್ರೇಲರ್ ಯೂಟ್ಯೂಬಿಗೆ ಬಂದ ಕೂಡ್ಲೇ ಕ್ಲೇಮ್ ಬೀಳತ್ತೆ, ಪ್ರೊಡ್ಯೂಸರ್ ಬೆಳಗ್ಗೆ ಬೆಳಗ್ಗೆ ಫೋನಲ್ಲಿ ಸಂಸ್ಕೃತ ಮಾತಾಡ್ತಾರೆ. ಆಫ್ ಮಾಡ್ಬೇಕು ಅಂತಿಲ್ಲ, ಆದ್ರೆ ಅವ್ರ ಚಾನೆಲನ್ನ ವೈಟ್‌ಲಿಸ್ಟ್ ಮಾಡೋದು, ಅಂದ್ರೆ ಕ್ಲೇಮಿಂದ ಹೊರಗಿಡೋದು, ಹೇಗೆ, ಎಷ್ಟು ದಿನ ಹಿಡಿಯತ್ತೆ ಅಂತ ಮೊದ್ಲೇ ತಿಳ್ಕೊಂಡಿರಿ.

6. ಈಗ ಫೈಲು

ಸ್ಟ್ರೀಮಿಂಗ್‌ಗೆ 44.1 ಕಿಲೋಹರ್ಟ್ಸ್ ಕೊಟ್ಟಿರ್ತೀರಿ, ಸಿನಿಮಾ ಟೀವಿಗೆ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಬೇಕು. ಎಂಪಿ3ನ ವೇವ್ ಮಾಡಿ ಕಳಿಸ್ಬೇಡಿ, ಮಿಕ್ಸಿಂಗ್ ಎಂಜಿನಿಯರ್‌ಗೆ ಗೊತ್ತಾಗೇ ಆಗತ್ತೆ. ಪ್ರಾಜೆಕ್ಟ್ ಓಪನ್ ಮಾಡಿ ಮತ್ತೆ ಬೌನ್ಸ್ ಮಾಡಿ, ಅಂದ್ರೆ ಹೊಸದಾಗಿ ಫೈಲ್ ತೆಗೀರಿ.

ಪೂರ್ತಿ ಹಾಡಿನ ಜೊತೆ ವಾದ್ಯ ಮಾತ್ರ ಇರೋ ವರ್ಷನ್ ಇಲ್ದೇ ಯಾರಿಗೂ ಏನೂ ಕಳಿಸ್ಬೇಡಿ. ಪಾತ್ರಗಳು ಮಾತಾಡೋವಾಗ ಹಿಂದೆ ಸಾಹಿತ್ಯ ಓಡ್ತಿದ್ರೆ ಡೈಲಾಗ್ ಕೇಳಲ್ಲ, ಎಡಿಟರ್ ಅಲ್ಲಿ ದನಿ ತೆಗೆದು ಮಾತು ನಿಂತ ಕಡೆ ಮತ್ತೆ ದನಿ ತರ್ತಾರೆ. ಅದಕ್ಕೆ ಎರಡೂ ಫೈಲ್ ಒಂದೇ ಕಡೆಯಿಂದ ಶುರುವಾಗಿ ಒಂದೇ ಉದ್ದ ಇರ್ಬೇಕು, ಒಂದರ ಕೆಳಗೆ ಒಂದು ಇಟ್ರೆ ಕೂದಲಷ್ಟೂ ಆಚೀಚೆ ಆಗಬಾರ್ದು. ಸ್ಟೆಮ್‌ಗಳೂ, ಅಂದ್ರೆ ಹಾಡಿನ ಒಂದೊಂದು ಭಾಗದ ಬೇರೆ ಬೇರೆ ಫೈಲುಗಳೂ, ಅಷ್ಟೇ, ಡ್ರಮ್ಸ್, ಬೇಸ್, ಹಾರ್ಮನಿ ವಾದ್ಯ, ಲೀಡ್ ವಾದ್ಯ, ಕೋರಸ್, ಮುಖ್ಯ ದನಿ ಅಂತ ಐದಾರು ಸಾಕು, ಎಲ್ಲಾ ಸೊನ್ನೆಯಿಂದ್ಲೇ ಶುರು. ಎಲ್ಲಾ ಸ್ಟೆಮ್ ಒಟ್ಟಿಗೆ ಹಾಕಿ ಪ್ಲೇ ಮಾಡಿ ಮೂಲ ಮಿಕ್ಸ್ ಥರಾನೇ ಕೇಳತ್ತಾ ಅಂತ ಒಂದ್ಸಲ ಚೆಕ್ ಮಾಡಿ. ಜಾಹೀರಾತಿನ ಆಸೆ ಇದ್ರೆ 60, 30, 15 ಸೆಕೆಂಡಿನ ಕಟ್ ಮಾಡಿಟ್ಕೊಳ್ಳಿ. ಸುಮ್ನೆ ಫೇಡ್ ಔಟ್ ಮಾಡೋದಕ್ಕಿಂತ ಸರಿಯಾದ ಒಂದು ಮುಕ್ತಾಯ ಇದ್ರೆ ಎಡಿಟರ್‌ಗಳಿಗೆ ಭಾರಿ ಖುಷಿ.

ಹಳೇ ಪ್ರಾಜೆಕ್ಟ್ ಓಪನ್ ಆಗಲ್ಲ, ಪ್ಲಗಿನ್ ಇಲ್ಲ ಅಂತ ಆದ್ರೆ ಆ ಹಾಡನ್ನ ಲಿಸ್ಟಿನ ಕೆಳಗೆ ಹಾಕಿ. ಎಐ ಟೂಲ್ ಹಾಕಿ ದನಿ ಬೇರೆ ಮಾಡಬಹುದು, ಆದ್ರೆ ಥಿಯೇಟರ್ ಸ್ಪೀಕರಲ್ಲಿ ಅದರ ಬಂಡವಾಳ ಬಯಲಾಗತ್ತೆ.

7. ಹೆಸರು, ಮಾಹಿತಿ

ಫೈನಲ್ ಫೈನಲ್ 3 ನ್ಯೂ ಅನ್ನೋ ಫೈಲ್ ಹೆಸರಿಗೆ ಈಗ್ಲೇ ಕೈಮುಗೀರಿ. ಕಲಾವಿದರ ಹೆಸರು, ಹಾಡಿನ ಹೆಸರು, ಯಾವ ವರ್ಷನ್, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಇಷ್ಟು ಇಂಗ್ಲಿಷ್ ಅಕ್ಷರದಲ್ಲಿ ಇರ್ಲಿ, ಯಾಕಂದ್ರೆ ಕನ್ನಡ ಅಕ್ಷರದ ಫೈಲ್ ಹೆಸರು ಕೆಲವು ಸಿಸ್ಟಮಲ್ಲಿ ಚೌಕ ಚೌಕ ಆಗ್ಬಿಡತ್ತೆ. ಇಂಗ್ಲಿಷಲ್ಲಿ ಬರೀವಾಗ ಸ್ಪೆಲ್ಲಿಂಗ್ ಒಂದೇ ಇರ್ಲಿ. ಮಳೆ ಅನ್ನೋದನ್ನ ಸ್ಪಾಟಿಫೈಯಲ್ಲಿ ಒಂಥರ, ಐಪಿಆರ್‌ಎಸ್‌ನಲ್ಲಿ ಇನ್ನೊಂಥರ, ಫೈಲಲ್ಲಿ ಮತ್ತೊಂಥರ ಬರೆದ್ರೆ ಕಂಪ್ಯೂಟರ್ ದೃಷ್ಟೀಲಿ ಅವು ಮೂರು ಬೇರೆ ಹಾಡು, ರಾಯಲ್ಟಿ ದಾರಿ ತಪ್ಪತ್ತೆ. ಒಂದು ಸ್ಪೆಲ್ಲಿಂಗ್ ಫಿಕ್ಸ್ ಮಾಡಿ ಶೀಟಲ್ಲಿ ಹಾಕಿ, ಅದೇ ಕೊನೆ.

ವೇವ್ ಫೈಲೊಳಗೆ ಹಾಕಿದ ಮಾಹಿತಿ ಎಲ್ಲಾ ಸಾಫ್ಟ್‌ವೇರಲ್ಲೂ ಕಾಣಲ್ಲ. ಅದಕ್ಕೆ ಕೇಳೋಕೆ ಅಂತ 320 ಕೆಬಿಪಿಎಸ್ ಎಂಪಿ3 ಒಂದು ಮಾಡಿ, ಅದರ ಕಾಮೆಂಟ್ ಜಾಗದಲ್ಲಿ ನಿಮ್ಮ ಹೆಸರು, ಮೇಲ್ ಐಡಿ, ಫೋನ್, ಎರಡೂ ಹಕ್ಕು ನಮ್ಮಲ್ಲೇ ಇದೆ ಅನ್ನೋ ಒಂದು ಲೈನ್ ಹಾಕಿ. ಆರು ತಿಂಗಳಾದ್ಮೇಲೆ ಯಾರದ್ದೋ ಲ್ಯಾಪ್‌ಟಾಪಲ್ಲಿ ಆ ಫೈಲ್ ಸಿಕ್ಕಿದಾಗ ನಿಮ್ಮನ್ನ ಹುಡ್ಕೋಕೆ ಇರೋ ದಾರಿ ಅದೊಂದೇ.

ಸಾಹಿತ್ಯನ ಕನ್ನಡದಲ್ಲಿ ಟೈಪ್ ಮಾಡಿ, ಅದರ ಅರ್ಥ ಇಂಗ್ಲಿಷಲ್ಲಿ ಸಾಲು ಸಾಲಾಗಿ ಕೊಡಿ. ಮುಂಬೈಯಲ್ಲಿ ಕೂತ ಸೂಪರ್‌ವೈಸರ್‌ಗೆ ಕನ್ನಡ ಬರಲ್ಲ, ಸಾವಿನ ಹಾಡನ್ನ ಮದುವೆ ಸೀನಿಗೆ ಹಾಕ್ಬಿಟ್ರೆ ನಗೋದು ನಾವೇ. ಮೂಡ್ ಟ್ಯಾಗ್ ಹಾಕೋವಾಗ ಪ್ರಾಮಾಣಿಕವಾಗಿರಿ, ಖುಷಿ ದುಃಖ ರೊಮ್ಯಾಂಟಿಕ್ ಎಪಿಕ್ ಎಲ್ಲಾ ಒಂದೇ ಹಾಡಿಗೆ ಹಾಕಿದ್ರೆ ಯಾರೂ ನಂಬಲ್ಲ. ಮೂಡಿಗಿಂತ ಸೀನ್ ಹೇಳಿದ್ರೆ ಕೆಲಸ ಬೇಗ ಆಗತ್ತೆ: ರಾತ್ರಿ ಹೈವೇ ಡ್ರೈವ್, ಊರ ಜಾತ್ರೆ, ಹಾಸ್ಟೆಲ್ ಬಿಟ್ಟು ಹೋಗೋ ದಿನ, ಈ ಥರ. ಡೊಳ್ಳು, ತಮಟೆ, ಚೌಡಿಕೆ, ಏಕತಾರಿ ಇದ್ರೆ ಅದರ ಹೆಸರೇ ಬರೀರಿ, ಇಂಡಿಯನ್ ಪರ್ಕಷನ್ ಅಂತ ಬರೆದು ನೂರು ತಬಲಾ ಟ್ರ್ಯಾಕ್ ಮಧ್ಯೆ ಕಳೆದುಹೋಗ್ಬೇಡಿ.

8. ಕಳಿಸೋದು, ಮಾತಾಡೋದು

ಎಲ್ಲಾ ಹಾಡು ಕಳಿಸ್ಬೇಡಿ. ಕೇಳಿದ್ದಕ್ಕೆ ಹೊಂದೋ ಮೂರ್ನಾಕು ಸಾಕು, ಕ್ಲಿಕ್ ಮಾಡಿದ್ರೆ ಪ್ಲೇ ಆಗೋ, ಡೌನ್‌ಲೋಡೂ ಆಗೋ, ಎಕ್ಸ್‌ಪೈರ್ ಆಗದ ಒಂದು ಲಿಂಕ್.

ದುಡ್ಡಿನ ಮಾತು ಬಂದಾಗ ಫೀಸ್ ಎಷ್ಟು ಅನ್ನೋದಕ್ಕಿಂತ ಮೊದ್ಲು ಇವಿಷ್ಟು ಕೇಳಿ: ಎಲ್ಲೆಲ್ಲಿ, ಎಷ್ಟು ವರ್ಷ, ಯಾವ ಮಾಧ್ಯಮ, ಎಷ್ಟು ಸೆಕೆಂಡ್, ಹಿನ್ನೆಲೇಲೋ ಟೈಟಲಲ್ಲೋ, ಟ್ರೇಲರಲ್ಲೂ ಬಳಸ್ತಾರಾ, ಬೇರೆಯವ್ರಿಗೆ ಕೊಡಬಾರ್ದು ಅನ್ನೋ ಷರತ್ತು ಇದ್ಯಾ. ಎಲ್ಲಾ ಮಾಧ್ಯಮ, ಪ್ರಪಂಚ ಪೂರ್ತಿ, ಶಾಶ್ವತವಾಗಿ ಅಂತ ಓಟಿಟಿಗಳು ಕೇಳೋದು ಸಾಮಾನ್ಯ, ನಾನ್ ಎಕ್ಸ್‌ಕ್ಲೂಸಿವ್ ಆಗಿದ್ರೆ, ಅಂದ್ರೆ ಬೇರೆಯವ್ರಿಗೂ ಕೊಡೋ ಹಾಗಿದ್ರೆ, ಅದಕ್ಕೆ ಒಪ್ಪೋದ್ರಲ್ಲಿ ತಪ್ಪಿಲ್ಲ. ಆದ್ರೆ ಐದು ಸಾವಿರ ಕೊಟ್ಟು ಹಾಡಿನ ಪೂರ್ತಿ ಹಕ್ಕೇ ಬರ್ಕೊಡಿ ಅಂದ್ರೆ ಅದು ಲೈಸೆನ್ಸ್ ಅಲ್ಲ, ಮಾರಾಟ. ಪಬ್ಲಿಸಿಟಿ ಸಿಗತ್ತೆ ಬಿಡಿ ಅನ್ನೋ ಮಾತಿಗೆ ನನ್ನ ಉತ್ತರ ಯಾವಾಗ್ಲೂ ಒಂದೇ, ಕ್ಯಾಮೆರಾ ಬಾಡಿಗೆಗೂ ಪಬ್ಲಿಸಿಟೀನೇ ಕೊಟ್ರಾ? ಫೀಸಿನ ಮೇಲೆ ಟಿಡಿಎಸ್ ಹಿಡೀತಾರೆ, ಪ್ಯಾನ್ ರೆಡಿ ಇರ್ಲಿ, ಜಿಎಸ್‌ಟಿ ವಿಷ್ಯ ಆಡಿಟರ್ ಹತ್ರ ಕೇಳಿ. ಅಮೆರಿಕದ ಕಂಪನಿ ಆದ್ರೆ ಡಬ್ಲ್ಯು-8 ಬೆನ್ ಫಾರ್ಮ್ ತುಂಬಿ ಕೊಡಿ, ಇಲ್ಲಾಂದ್ರೆ ಅವ್ರು 30 ಪರ್ಸೆಂಟ್ ತೆರಿಗೆ ಹಿಡ್ಕೋತಾರೆ, ಎರಡು ದೇಶದ ಒಪ್ಪಂದದಲ್ಲಿ ರಾಯಲ್ಟಿಗೆ ಅದು 15.

ಅಗ್ರಿಮೆಂಟಲ್ಲಿ ಎರಡು ಲೈನ್ ಸೇರಿಸೋಕೆ ಹಠ ಹಿಡೀರಿ. ಒಂದು, ಟೈಟಲ್ ಕಾರ್ಡಲ್ಲಿ ಹಾಡಿನ ಹೆಸರು, ಗೀತರಚನೆ, ಸಂಯೋಜನೆ, ಗಾಯನ ಎಲ್ಲಾ ಬರ್ಬೇಕು. ಇನ್ನೊಂದು, ಕ್ಯೂ ಶೀಟ್ ಕಾಪಿ ನಿಮಗೂ ಕೊಡ್ಬೇಕು. ಯಾವ ಹಾಡು ಎಷ್ಟು ಸೆಕೆಂಡ್ ಬಂತು, ಯಾರು ಬರೆದಿದ್ದು, ಯಾರಿಗೆ ಎಷ್ಟು ಪಾಲು ಅನ್ನೋ ಪಟ್ಟಿ ಅದು, ಮುಂದಿನ ರಾಯಲ್ಟಿ ಲೆಕ್ಕ ಅದನ್ನ ನೋಡ್ಕೊಂಡೇ ಆಗೋದು. ರಿಲೀಸ್ ಆದ್ಮೇಲೆ ಕೂತು ನೋಡಿ, ಸೆಕೆಂಡ್ ಲೆಕ್ಕ ಹಾಕಿ, ಅಗ್ರಿಮೆಂಟಲ್ಲಿ 40 ಸೆಕೆಂಡ್ ಅಂತ ಇದ್ದು ತೆರೆ ಮೇಲೆ ಎರಡು ನಿಮಿಷ ಓಡಿದ್ರೆ ಮರ್ಯಾದೆಯಾಗಿ ಒಂದು ಮೇಲ್ ಹಾಕಿ.

ಆಮೇಲೆ ಮತ್ತೆ ಶೀಟಿಗೆ ಬನ್ನಿ, ಆ ಹಾಡಿನ ಸಾಲಲ್ಲಿ ಯಾರಿಗೆ, ಯಾವ ಮಾಧ್ಯಮಕ್ಕೆ, ಯಾವ ದಿನಾಂಕದವರೆಗೆ ಕೊಟ್ಟಿದೀರಿ ಅಂತ ಬರೀರಿ, ಇಲ್ಲಾಂದ್ರೆ ನಾಳೆ ಇನ್ನೊಬ್ರು ಎಕ್ಸ್‌ಕ್ಲೂಸಿವ್ ಕೇಳಿದಾಗ ಕೊಡಬಹುದಾ ಇಲ್ವಾ ಅಂತ್ಲೇ ಗೊತ್ತಿರಲ್ಲ. ಅವಧಿ ಮುಗಿಯೋಕೆ ಮೂರು ತಿಂಗಳ ಮುಂಚೆ ಫೋನಲ್ಲಿ ರಿಮೈಂಡರ್ ಇಡಿ, ರಿನೀವಲ್ ಫೀಸ್ ಕೇಳೋದು ನೀವೇ, ಆ ಕಡೆಯವ್ರಿಗೆ ಅದು ನೆನಪೂ ಇರಲ್ಲ.